ನಿಂಬೆ ಗಿಡಕ್ಕೆ ಕುರಿಮಂದೆ

ಮೇಷ್ಟರಾದವರಿಗೆ ಒಂದು ವಿಷಯ ಅರ್ಧ ಗೊತ್ತಾದರೆ ಸಾಕು, ಅದನ್ನು ನಾಲ್ಕು ಜನಕ್ಕೆ ಹೇಳದಿದ್ದರೆ ಅನ್ನ ಅರಗುವುದಿಲ್ಲ. ಉಳಿದರ್ಧ ತಿಳಿಯುವವರೆಗೆ ಕಾಯುವ ತಾಳ್ಮೆ ನಮಗೆಲ್ಲಿದೆ? ತುಮಕೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿಕೊಂಡಿದ್ದ ನಾನು ಕಂಡಕಂಡವರಿಗೆ ಗಿಡದ ಬೇರಿನ ಬಗ್ಗೆ ಉಪನ್ಯಾಸ ಕೊಡುವ ಮಟ್ಟಕ್ಕೆ ಬಂದದ್ದು ನನ್ನ ಹೆಂಡತಿ ಗಿರಿಜೆಯ ನಿಂಬೆ ಗಿಡಗಳ ದೆಸೆಯಿಂದ.

ಗುಬ್ಬಿಯ ಹತ್ತಿರ ಅವಳಿಗೆ ತವರಿನಿಂದ ಬಂದ ತುಂಡು ಜಮೀನಿದೆ. ಸುತ್ತಲಿನವರೆಲ್ಲ ಅಡಿಕೆ ಇಟ್ಟಾಗ ಇವಳು ಹಠ ಹಿಡಿದು ನಿಂಬೆ ಇಟ್ಟಳು. ಭಾನುವಾರ ಬಂತೆಂದರೆ ತುಮಕೂರಿನ ಸದಾಶಿವನಗರದ ಮನೆಯಲ್ಲಿ ನನಗೆ ಉಪ್ಪಿಟ್ಟು ಮುಚ್ಚಿಟ್ಟು ಬಸ್ಸು ಹತ್ತುತ್ತಿದ್ದಳು. ಅಂಥ ಗಿಡಗಳು ಈಚೆಗೆ ಸೊರಗತೊಡಗಿದವು. ಎಲೆ ಹಳದಿಯಾಯಿತು, ರೆಂಬೆಯ ತುದಿ ಒಣಗಿತು, ಹಣ್ಣು ಗೋಲಿಯಷ್ಟಕ್ಕೇ ನಿಂತಿತು. ಪಕ್ಕದ ಜಮೀನು ಅವಳ ತಮ್ಮ ಲೋಕೇಶನದು. "ಅಕ್ಕ, ಬದು ಮಾಡ್ಸಕ್ಕೆ ಜೆಸಿಬಿ ಕರೆಸ್ತಾ ಇದೀನಿ. ಹಂಗೇ ಇವನ್ನೂ ಕಿತ್ತಾಕ್ಸಿ ಬುಡ್ತೀನಿ, ಅಡಿಕೆ ಇಡು" ಅಂದ. "ಈ ಮಳೆಗಾಲ ಕಳೀಲಿ ಕಣೋ, ಚಿಗುರದಿದ್ರೆ ನಾನೇ ಕೀಳಿಸ್ತೀನಿ" ಎಂದಳು ಗಿರಿಜೆ. ಅಂದು ನಾನೂ ಜೊತೆಗೆ ಹೋಗಿದ್ದೆ; ವಾಪಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ನನಗೆ ಸಂಕಟವಾಯಿತು.

ಬೇರನ್ನೂ ಮಣ್ಣನ್ನೂ ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು ಕೃಷಿ ವಿಜ್ಞಾನ ಓದಿದ ಮೇಡಂ ಒಬ್ಬರ ಹತ್ತಿರ ಹೋದೆವು. ಅವರು ಬೇರು ತೊಳೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, "ಜಂತುಹುಳು ಬಿದ್ದಿದೆ" ಅಂದರು. ಜಂತುಹುಳು ಮಕ್ಕಳ ಹೊಟ್ಟೆಗೆ ಮಾತ್ರ ಸಂಬಂಧಪಟ್ಟದ್ದು ಎಂದುಕೊಂಡಿದ್ದ ನಾನು ಮಾತ್ರೆಯ ಹೆಸರು ಕೇಳಿದೆ. ಮೇಡಂ ನಗಲಿಲ್ಲ. ಕೋಳಿ ಗೊಬ್ಬರ, ಇಲ್ಲವೇ ಕುರಿ-ಮೇಕೆ ಗೊಬ್ಬರ ಬುಡಕ್ಕೆ ಕೊಡಿ, ಅದು ಕೊಳೆಯುವಾಗ ಹುಟ್ಟುವ ಅಮೋನಿಯಾ ಈ ಹುಳುಗಳಿಗೆ ಆಗಿಬರುವುದಿಲ್ಲ, ಹುಳು ತಿನ್ನುವ ಸೂಕ್ಷ್ಮಜೀವಿಗಳೂ ಮಣ್ಣಿನಲ್ಲಿ ಹೆಚ್ಚುತ್ತವೆ, ಪೂರ್ತಿ ಹೋಗದಿದ್ದರೂ ಹತೋಟಿಗೆ ಬರುತ್ತವೆ ಎಂದರು. ಕೋಳಿ ಗೊಬ್ಬರ ಸುಲಭವಾಗಿ ಸಿಗುತ್ತಿತ್ತು. ಆದರೆ ಗಿರಿಜೆಯದು ಮಠಕ್ಕೆ ನಡೆದುಕೊಳ್ಳುವ ಮನೆತನ. "ರೀ, ಕೋಳಿ ಹುಳುಹುಪ್ಪಟೆ ತಿನ್ನತ್ತೆ. ಅದರ ಗೊಬ್ಬರದ ಹಣ್ಣು ದೇವರ ಮುಂದೆ ಹೆಂಗ್ರೀ ಇಡೋದು? ಕುರಿ ಮೇಕೆ ಆದ್ರೆ ಪಾಪ, ಬರೀ ಸೊಪ್ಪು ತಿನ್ತವೆ" ಅಂದಳು. ಈ ತರ್ಕದಲ್ಲಿ ನನಗೆ ಒಂದೂ ತಪ್ಪು ಕಾಣಲಿಲ್ಲ.

ನಮ್ಮ ಕಡೆ ಬಯಲಿನಲ್ಲಿ ಮೇಯುವ ಕುರಿಮಂದೆಯನ್ನು ರಾತ್ರಿ ಜಮೀನಿನಲ್ಲಿ ನಿಲ್ಲಿಸಿಕೊಳ್ಳುವುದುಂಟು. ಬೆಳಗಾಗುವಷ್ಟರಲ್ಲಿ ಹಿಕ್ಕೆ, ಗಂಜಲ ಎಲ್ಲ ನೆಲಕ್ಕೆ ಬಿದ್ದಿರುತ್ತದೆ, ಗಾಡಿಯಲ್ಲಿ ಹೊತ್ತು ತರುವ ರಗಳೆಯಿಲ್ಲ. ಕುರಿ ಕಾಯುವ ಕರಿಯಣ್ಣ ಮಂದೆ ಹೊಡೆದುಕೊಂಡು ಸಂಜೆಗೆ ಬಂದಾಗ ಗಿರಿಜೆ ಲೋಕೇಶನ ಮನೆಯಲ್ಲಿ ಅಡುಗೆಗೆ ನಿಂತಿದ್ದಳು, ತೋಟದಲ್ಲಿ ನಾನೊಬ್ಬನೇ. ಕುರಿಗಳ ನಡುವೆ ಒಂದಷ್ಟು ಮೇಕೆಗಳೂ ಇದ್ದವು. "ಸಾ, ಮೇಕೆ ಏನ್ ಮಾಡಾನ? ಆಚೆ ಬೇಲಿತಾವ ಕಟ್ಟಾಕ್ಲಾ?" ಎಂದು ಕೇಳಿದ. ಅಷ್ಟೂ ಹಿಕ್ಕೆ ಬೇಲಿಯ ಪಾಲಾಗುವುದೇ ಎಂದು ನನ್ನೊಳಗಿನ ಅರ್ಥಶಾಸ್ತ್ರಜ್ಞನಿಗೆ ಹೊಟ್ಟೆ ಉರಿಯಿತು. "ಬೇಡಪ್ಪ, ಅವೂ ಆರಾಮಾಗಿ ಓಡಾಡ್ಕೊಂಡಿರ್ಲಿ" ಎಂದೆ. "ಸಾಹೇಬ್ರದು ದೊಡ್ಡ ಮನ್ಸು" ಎಂದ ಕರಿಯಣ್ಣ ಕಂಬಳಿ ಹಾಸಿದ. ಅವನನ್ನು ಕೂರಿಸಿಕೊಂಡು ಜಂತುಹುಳುವಿನ ಜೀವನಚರಿತ್ರೆಯನ್ನು ಮೊದಲಿನಿಂದ ಹೇಳಿದೆ. ಅವನು ನಿದ್ದೆ ಹೋದ ಮೇಲೂ ಸ್ವಲ್ಪ ಹೇಳಿ, ಲೋಕೇಶನ ಮನೆಗೆ ಮಲಗಲು ಹೋದೆ.

ಬೆಳಿಗ್ಗೆ ಹೋಗಿ ನೋಡಿದರೆ ನೆಲದ ತುಂಬ ಗೊಬ್ಬರ, ಗಿಡದಲ್ಲಿ ಬರೀ ಮುಳ್ಳು. ಮೇಕೆಗಳು ಹಿಂಗಾಲ ಮೇಲೆ ನಿಂತು ಎಟುಕುವಷ್ಟನ್ನೂ ಬೋಳಿಸಿದ್ದವು. ಬೇಲಿ ಎದ್ದು ಹೊಲ ಮೇಯುವುದನ್ನು ಕೇಳಿದ್ದೆ, ಔಷಧಿ ಎದ್ದು ರೋಗಿಯನ್ನೇ ಮೇಯ್ದದ್ದನ್ನು ಅಂದು ಕಣ್ಣಾರೆ ಕಂಡೆ. ಲೋಕೇಶ ಜೆಸಿಬಿಯವನಿಗೆ ಫೋನ್ ಮಾಡಲು ಜೇಬಿಗೆ ಕೈ ಹಾಕಿದ. "ಮಳೆಗಾಲ ಇನ್ನೂ ಮುಗಿದಿಲ್ಲ ಕಣೋ" ಎಂದು ಗಿರಿಜೆ ಅವನನ್ನು ತಡೆದಳು. ನನ್ನ ಕೈಗೆ ನೀರಿನ ಪೈಪು ಕೊಟ್ಟಳು. ಬೈದಿದ್ದರೇ ವಾಸಿಯಿತ್ತು. ಒಬ್ಬಳೇ ಸನಿಕೆ ಹಿಡಿದು ಬುಡಬುಡಕ್ಕೂ ಹಿಕ್ಕೆ ಎಳೆದು, ಮಣ್ಣಿಗೆ ಬೆರೆಸಿ, ನೀರು ಬಿಟ್ಟಳು. ನಾನು ಪೈಪು ಹಿಡಿದುಕೊಂಡು ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಮಳೆ ಬಿತ್ತು. ಹೋದಾಗಲೆಲ್ಲ ರೆಂಬೆ ಮುಟ್ಟಿ ಮುಟ್ಟಿ ನೋಡುತ್ತಿದ್ದ ಗಿರಿಜೆ ಒಂದು ಭಾನುವಾರ ತೋಟದಿಂದಲೇ ಫೋನ್ ಮಾಡಿ, "ರೀ, ಚಿಗುರಿವೆ ಕಣ್ರೀ" ಎಂದಳು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಕಣ್ಣೊರೆಸಿಕೊಂಡೆ. ಮೇಡಂ ಮತ್ತೆ ಬೇರು ನೋಡಿ, ಹುಳು ಕಡಿಮೆಯಾಗಿದೆ, ಗೊಬ್ಬರ ನಿಲ್ಲಿಸಬೇಡಿ ಎಂದರು. ಮೇಕೆ ತಿಂದದ್ದಕ್ಕೇ ಹೀಗೆ ಒತ್ತಾಗಿ ಚಿಗುರಿದ್ದು ಎಂದು ನಾನು ಒಂದು ಸಿದ್ಧಾಂತ ಕಟ್ಟಿ ಸ್ಟಾಫ್ ರೂಮಿನಲ್ಲಿ ಎರಡು ಸಲ ಮಂಡಿಸಿದ್ದೂ ಆಯಿತು.

ಮೊನ್ನೆ ಮತ್ತೆ ಮಂದೆ ನಿಲ್ಲಿಸಿದೆವು. ಕರಿಯಣ್ಣ ನನ್ನ ಕಡೆ ನೋಡಲೇ ಇಲ್ಲ, ನೇರವಾಗಿ ಗಿರಿಜೆಯ ಹತ್ತಿರ ಹೋಗಿ, "ಅಕ್ಕಾ, ಈ ಸಲ ಎಂಗೆ?" ಎಂದು ಕೇಳಿದ. ಹೊಸ ಸಿದ್ಧಾಂತ ವಿವರಿಸಲು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಗಿರಿಜೆ ಹೇಳಿದಳು:

"ಮೇಕೆಗಳನ್ನ ನೀನು ಕಟ್ಟಾಕಣ್ಣ. ಇವರನ್ನ ನಾನು ನೋಡ್ಕೋತೀನಿ."