ಒದ್ದೆಯಾಗದ ಹಪ್ಪಳದ ಡಬ್ಬಿ

ನಮ್ಮ ಕೊಪ್ಪದ ಕಡೆ ಯಾರಾದರೂ ಬಿದ್ದು ಪೆಟ್ಟು ಮಾಡಿಕೊಂಡರೆ ಔಷಧಿಗಿಂತ ಮೊದಲು ತರಿಸಬೇಕಾದದ್ದು ಕಾಫಿಪುಡಿ. ಎರಡನೇ ದಿನದಿಂದಲೇ ‘ಮಾತಾಡಿಸಿಕೊಂಡು ಹೋಗುವವರು’ ಬರತೊಡಗುತ್ತಾರೆ. ಒಂದು ಪೌಂಡು ಬ್ರೆಡ್ಡು, ನಾಲ್ಕು ಮೂಸಂಬಿ ಹಿಡಿದು ಬಂದು, ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು, ‘ಹೇಗಾಯ್ತು?’ ಎಂದು ಕೇಳಿ, ಕೊನೆಗೆ ತಮ್ಮ ಊರಲ್ಲಿ ಇದಕ್ಕಿಂತ ಜೋರಾಗಿ ಬಿದ್ದವರೊಬ್ಬರ ಸುದ್ದಿ ಹೇಳಿ ಎದ್ದು ಹೋಗುವುದು ಪದ್ಧತಿ. ಬಿದ್ದವರು ಸುಮ್ಮನೆ ಮಲಗಿದ್ದರೆ ಸಾಕು, ನಡೆದದ್ದನ್ನು ಹೇಳಲು ಮನೆಯಲ್ಲಿ ಇನ್ನೊಬ್ಬರು ಇದ್ದೇ ಇರುತ್ತಾರೆ. ನಮ್ಮ ಮನೆಯಲ್ಲಿ ಆ ಇನ್ನೊಬ್ಬ ನಾನು. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವನಿಗೆ, ಕೇಳುವವರು ಆಕಳಿಸದೆ ಎದುರಿಗೆ ಕೂತಿರುವುದು ಹೊಸ ಅನುಭವ. ಅದರ ರುಚಿ ನನ್ನನ್ನು ಕೆಡಿಸಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನಡೆದದ್ದು ಇಷ್ಟು. ಶ್ರಾವಣದಲ್ಲಿ ಹೆಂಡತಿ ಸುಮಿತ್ರಾಳ ತವರಿಗೆ, ನರಸಿಂಹರಾಜಪುರದ ಆಚೆಯ ಸೀತೂರಿಗೆ ಹೋಗಿದ್ದೆವು. ಅವಳ ಅಣ್ಣನ ಮನೆಯಿಂದ ಬಸ್ಸಿನ ರಸ್ತೆಗೆ ಬರುವ ಹತ್ತಿರದ ದಾರಿಯಲ್ಲಿ ಒಂದು ಹಳ್ಳ ದಾಟಬೇಕು. ಅದಕ್ಕೆ ಅಡ್ಡವಾಗಿ ಎರಡು ಮರದ ದಿಮ್ಮಿ, ಹಿಡಿದುಕೊಳ್ಳಲು ಒಂದು ಬಿದಿರಿನ ಗಳ. ಇದನ್ನು ನಾವು ಸಂಕ ಎನ್ನುತ್ತೇವೆ. ಹೊರಡುವಾಗ ಅವಳ ಅತ್ತಿಗೆ ಒಂದು ದೊಡ್ಡ ಡಬ್ಬಿ ಹಲಸಿನ ಹಪ್ಪಳ ಕೊಟ್ಟು, ‘ಭಾವ, ನೀರು ತಾಗಿಸಬೇಡಿ’ ಎಂದಿದ್ದರು. ನಾನು ಮುಂದೆ ನಡೆದು ದಡ ಸೇರಿದೆ. ಹಿಂದಿನಿಂದ ‘ಲಟಕ್’ ಎಂದಿತು. ತಿರುಗಿ ನೋಡಿದರೆ ದಿಮ್ಮಿಯೊಂದು ಮುರಿದು ಸುಮಿತ್ರಾ ಬಿದಿರಿನ ಗಳಕ್ಕೆ ಜೋತುಬಿದ್ದಿದ್ದಳು. ಸೊಂಟದವರೆಗೂ ಕೆಂಪು ನೀರು ಅವಳನ್ನು ಜಗ್ಗುತ್ತಿತ್ತು. ನಾನು ‘ಕೈ ಬಿಡಬೇಡ! ಕೈ ಬಿಡಬೇಡ!’ ಎಂದು ಕೂಗಿದೆ. ದಡದಲ್ಲಿ ಹುಲ್ಲು ಕೊಯ್ಯುತ್ತಿದ್ದ ಪಕ್ಕದ ಮನೆಯ ಮಂಜಪ್ಪ ಕತ್ತಿ ಬಿಸಾಡಿ ನೀರಿಗಿಳಿದು ಅವಳನ್ನು ಎಳೆದು ದಡಕ್ಕೆ ಹಾಕಿದ. ಮಂಡಿ ಉಳುಕಿತ್ತು, ಎರಡೂ ಅಂಗೈಯ ಚರ್ಮ ಕಿತ್ತುಹೋಗಿತ್ತು.

ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮೊದಮೊದಲು ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಶೃಂಗೇರಿಯಿಂದ ದೊಡ್ಡತ್ತೆ ಬರುವ ಹೊತ್ತಿಗೆ ಇಪ್ಪತ್ತು ನಿಮಿಷಕ್ಕೆ ಬೆಳೆದಿತ್ತು. ನೀರು ಸೊಂಟದಿಂದ ಎದೆಗೆ ಏರಿತ್ತು. ಮುರಿಯುವ ಮೊದಲೇ ದಿಮ್ಮಿಯ ಮೇಲೆ ನನಗೆ ಅನುಮಾನ ಬಂದಿತ್ತು. ಎಲ್ಲಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಐದನೇ ಸಲವೋ ಆರನೇ ಸಲವೋ ಹೇಳುವಾಗ ಮಂಜಪ್ಪನ ಕೈ ಜೊತೆ ನನ್ನ ಕೈಯೂ ಸೇರಿಕೊಂಡು, ‘ಇಬ್ಬರೂ ಸೇರಿ ಎಳೆದ್ವಿ’ ಎಂದಾಗಿತ್ತು. ದೊಡ್ಡತ್ತೆ, ‘ನೀ ಇದ್ದದ್ದಕ್ಕೆ ಆಯ್ತು ಮಾರಾಯ’ ಎಂದು ಕಣ್ಣೊರೆಸಿಕೊಂಡರು. ಅಂಗೈಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ್ದ ಸುಮಿತ್ರಾ ಆಗಲೇ ಒಳಗಿನಿಂದ ಕಾಫಿ ತಂದಳು. ಜೊತೆಗೆ ಕರಿದ ಹಲಸಿನ ಹಪ್ಪಳ. ‘ಎಷ್ಟು ಗರಿಗರಿ ಇದೆ!’ ಎಂದರು ದೊಡ್ಡತ್ತೆ. ‘ಒಂದು ಹನಿ ನೀರು ತಾಗಿಲ್ಲ ಅತ್ತೆ’ ಎಂದಳು ಸುಮಿತ್ರಾ. ನಾನು ಅದನ್ನು ಹಪ್ಪಳದ ಹೊಗಳಿಕೆ ಎಂದುಕೊಂಡು ಇನ್ನೆರಡು ಮುರಿದು ಬಾಯಿಗೆ ಹಾಕಿಕೊಂಡೆ.

ಆಮೇಲೆ ಗಮನಿಸಿದೆ. ಯಾರಾದರೂ ‘ಹೇಗಾಯ್ತು?’ ಎಂದ ಕೂಡಲೇ ಅವಳು ಹಿತ್ತಿಲಿಗೆ ನಡೆದುಬಿಡುತ್ತಿದ್ದಳು. ನಮ್ಮ ಗೇಟಿನ ಮುಂದಿನ ಚರಂಡಿಯ ಚಪ್ಪಡಿ ದಾಟುವ ಮೊದಲು ನಿಂತುಬಿಡುತ್ತಿದ್ದಳು. ‘ನನ್ನ ಹಿಡ್ಕೋ’ ಎಂದರೆ ಗೇಟನ್ನು ಹಿಡಿದುಕೊಳ್ಳುತ್ತಿದ್ದಳು. ಗೌರಿಹಬ್ಬಕ್ಕೆ ತವರಿಗೆ ಹೋಗಲಿಲ್ಲ. ನನ್ನ ಜೊತೆ ಮಾತು ಸಾರು, ಅನ್ನ, ಗ್ಯಾಸಿನ ಸಿಲಿಂಡರಿಗೆ ಬಂದು ನಿಂತಿತ್ತು. ನಾನೂ ಸರಿಯಿರಲಿಲ್ಲ ಅನ್ನಿ. ಒಂದು ದಿನ ತರಗತಿಯಲ್ಲಿ ಹುಡುಗಿಯೊಬ್ಬಳ ಮರದ ಸ್ಕೇಲು ‘ಲಟಕ್’ ಎಂದು ಮುರಿಯಿತು. ನಾನು ಪಾಠ ನಿಲ್ಲಿಸಿ ‘ಕೈ ಬಿಡಬೇಡ!’ ಎಂದು ಕಿರುಚಿದೆನಂತೆ. ಮಕ್ಕಳು ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಹೆಡ್‌ಮೇಡಂ ಕರೆದು, ‘ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ, ಇಬ್ಬರೂ ಒಮ್ಮೆ ಹೋಗಿ ಬನ್ನಿ’ ಎಂದು ಒಂದು ಫೋನ್ ನಂಬರು ಕೊಟ್ಟರು.

ನಂಬರು ಶೃಂಗೇರಿ ಕಡೆಯ ಹೆಂಗಸೊಬ್ಬರದು. ಅವರು ಪ್ರತಿ ಶನಿವಾರ ಕೊಪ್ಪಕ್ಕೆ ಬಂದು ಬ್ಯಾಟರಿ ಅಂಗಡಿಯ ಮಹಡಿಯ ಕೋಣೆಯಲ್ಲಿ ಕೂರುತ್ತಿದ್ದರು. ಬೋರ್ಡಿನಲ್ಲಿ ‘ಸಮಗ್ರ ಮನೋಚಿಕಿತ್ಸೆ’ ಎಂದಿತ್ತು. ಸುಮಿತ್ರಾಳ ಜೊತೆ ಹೋದವನು, ಮೆಟ್ಟಿಲು ಹತ್ತುವುದನ್ನು ಯಾರೂ ನೋಡದಿರಲಿ ಎಂದು ಅಂಗಡಿಯ ಮುಂದೆ ಬ್ಯಾಟರಿ ನೋಡುವವನಂತೆ ನಿಂತೆ. ಅಂಗಡಿಯವನು ನನ್ನ ಹಳೆಯ ವಿದ್ಯಾರ್ಥಿ. ‘ಎಂತ ಸಾರ್, ಮೇಲೆ ಹೋಗ್ಬೇಕಾ? ಹೋಗಿ ಹೋಗಿ, ನಾನೂ ಹೋಗ್ತೇನೆ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಬಿ.ಎಡ್.ನಲ್ಲಿ ಮನಃಶಾಸ್ತ್ರಕ್ಕೆ ಒಳ್ಳೆಯ ಅಂಕ ತೆಗೆದ ನನಗೆ ಅಲ್ಲಿ ಏನು ಕೇಳುತ್ತಾರೆಂಬ ಅಂದಾಜಿತ್ತು. ಆದರೆ ಆಕೆ ಕೇಳಿದ್ದೇ ಬೇರೆ. ಊಟ ಸೇರುತ್ತದೆಯೇ, ಆ ಶಬ್ದ ನೆನಪಾದಾಗ ಮೈಯಲ್ಲಿ ಎಲ್ಲಿ ಬಿಗಿಯುತ್ತದೆ, ಮನೆಯಲ್ಲಿ ಯಾರ ಹತ್ತಿರ ಕೂತರೆ ಉಸಿರು ಸಲೀಸಾಗುತ್ತದೆ. ಭಯ ತಲೆಯಲ್ಲಿ ಮಾತ್ರ ಇರುವುದಿಲ್ಲ, ಕೈಕಾಲಿನಲ್ಲೂ ಇರುತ್ತದೆ, ಇಬ್ಬರ ನಡುವಿನ ಮಾತಿನಲ್ಲೂ ಇರುತ್ತದೆ, ಎಲ್ಲವನ್ನೂ ಒಟ್ಟಿಗೆ ನೋಡಬೇಕು ಎಂದರು. ನಾನು ‘ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ’ ಎಂದು ಇಪ್ಪತ್ತು ನಿಮಿಷದ ಪಾಠ ಒಪ್ಪಿಸಿದೆ. ಆಕೆ ಪೂರ್ತಿ ಕೇಳಿ, ‘ಚೆನ್ನಾಗಿ ಹೇಳ್ತೀರಿ’ ಎಂದು ಸುಮಿತ್ರಾಳ ಕಡೆ ತಿರುಗಿದರು. ‘ಈಗ ನೀವು ಹೇಳಿ.’

‘ಅವಳಿಗೆ ಅದೆಲ್ಲ ಸರಿಯಾಗಿ ನೆನಪಿಲ್ಲ ಮೇಡಂ’ ಎಂದೆ ನಾನು.

ಆಕೆ ನನ್ನ ಕಡೆ ನೋಡದೆ ಅಂಗೈ ಎತ್ತಿದರು, ಟ್ರಾಫಿಕ್ ಪೊಲೀಸರ ಹಾಗೆ. ಕೆಳಗೆ ಯಾವುದೋ ಜೀಪು ಸ್ಟಾರ್ಟ್ ಆಗದೆ ಕೆಮ್ಮುತ್ತಿತ್ತು. ಅದು ಸ್ಟಾರ್ಟ್ ಆಗಿ ಹೋದಮೇಲೆ ಸುಮಿತ್ರಾ ಬಾಯಿಬಿಟ್ಟಳು.

‘ನೀರು ಅಷ್ಟು ನೆನಪಿಲ್ಲ. ಇವರ ಕೈ ನೆನಪಿದೆ. ಒಂದರಲ್ಲಿ ಛತ್ರಿ, ಇನ್ನೊಂದರಲ್ಲಿ ಹಪ್ಪಳದ ಡಬ್ಬಿ. ನಾಲ್ಕು ಮಾರು ದೂರದಲ್ಲಿ ನಿಂತಿದ್ರು. ಇಡ್ತಾರೆ, ಈಗ ಇಡ್ತಾರೆ ಅಂತ ನೋಡ್ತಾ ಇದ್ದೆ. ಮಂಜಪ್ಪಣ್ಣ ಎಳೆದು ಹಾಕೋ ತನಕ ಕೆಳಗಿಡಲಿಲ್ಲ. ಬಂದವರಿಗೆಲ್ಲ ಅದೇ ಹಪ್ಪಳ ಕರಿದೆ ಮೇಡಂ. ಇವತ್ತಾದ್ರೂ ಹೇಳ್ತಾರೆ ಅಂತ ಕಾದೆ. ಕೊನೆಗೆ ಇವರೂ ಸೇರಿ ನನ್ನ ಎಳೆದದ್ದು ಅಂತ ಆಯ್ತು’ ಎಂದಳು.

ನಾನು ಏನನ್ನಾದರೂ ಹಿಡಿದುಕೊಳ್ಳಬೇಕೆನಿಸಿ ಮೇಜಿನ ಮೇಲಿದ್ದ ನೀರಿನ ಬಾಟಲಿ ಹಿಡಿದುಕೊಂಡೆ. ಆಕೆ ಗದರಲಿಲ್ಲ. ಅಂಥ ಹೊತ್ತಿನಲ್ಲಿ ಕೆಲವರ ಮೈ ಓಡುತ್ತದೆ, ಕೆಲವರದು ನೀರಿಗೆ ಹಾರುತ್ತದೆ, ಕೆಲವರದು ಕಲ್ಲಾಗುತ್ತದೆ, ಅದು ಹೇಳಿ ಕೇಳಿ ಆಗುವುದಲ್ಲ ಎಂದರು. ನನಗೆ ಜೀವ ಬಂದಂತಾಯಿತು. ‘ಹಾಗಾದ್ರೆ ನನ್ನ ತಪ್ಪಿಲ್ಲ ಅಲ್ವಾ ಮೇಡಂ?’

‘ಆ ಒಂದು ನಿಮಿಷದ್ದು ಇಲ್ಲ ಮೇಷ್ಟ್ರೇ. ಆಮೇಲಿನ ಎರಡು ತಿಂಗಳದ್ದು ಇದೆ’ ಎಂದರು ಆಕೆ.

ಎಷ್ಟೋ ಮಕ್ಕಳಿಗೆ ಉತ್ತರಪತ್ರಿಕೆ ವಾಪಸು ಕೊಟ್ಟಿದ್ದೇನೆ. ನನ್ನದೇ ಪತ್ರಿಕೆಯನ್ನು ಅಷ್ಟು ಮೆಲ್ಲಗೆ ತಿದ್ದಿ ಕೈಗಿಟ್ಟವರು ಅವರೊಬ್ಬರೇ. ಬಸ್‌ಸ್ಟ್ಯಾಂಡಿನಲ್ಲಿ ನಾನು ಕ್ಷಮೆ ಕೇಳಿದೆ. ಅವಳು ‘ಹ್ಞೂಂ’ ಎಂದಳು.

ಈಗ ಬಂದವರು ‘ಹೇಗಾಯ್ತು?’ ಎಂದರೆ ಅವಳೇ ಹೇಳುತ್ತಾಳೆ. ಡಬ್ಬಿಯ ಜಾಗ ಬಂದಾಗ ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಅವಳು ಮಾತ್ರ ನಗುವುದಿಲ್ಲ. ಶನಿವಾರ ತಪ್ಪಿಸುವುದಿಲ್ಲ. ಚರಂಡಿಯ ಚಪ್ಪಡಿಯನ್ನು ಈಗ ಗೇಟು ಹಿಡಿಯದೆ ದಾಟುತ್ತಾಳೆ.

ಮೊನ್ನೆ ಮಾಘದಲ್ಲಿ ಅವಳ ಅಣ್ಣನ ಮನೆಯಲ್ಲಿ ಪೂಜೆ ಇತ್ತು. ಆ ಘಟನೆಯ ನಂತರ ಮೊದಲ ಸಲ ಸೀತೂರಿಗೆ ಹೊರಟೆವು. ಹಳ್ಳಕ್ಕೆ ಈಗ ಸಿಮೆಂಟಿನ ಹಲಗೆ, ಕಬ್ಬಿಣದ ಪೈಪು. ಕೆಳಗೆ ಪಾದ ಮುಳುಗುವಷ್ಟೂ ನೀರಿಲ್ಲ. ನಾನು ಹಲಗೆಯ ಮೇಲೆ ಎರಡು ಹೆಜ್ಜೆ ಇಟ್ಟು ನೆನಪಾಗಿ ಹಿಂದೆ ಬಂದೆ. ಹಣ್ಣುಕಾಯಿಯ ಬ್ಯಾಗನ್ನು ನೆಲಕ್ಕಿಟ್ಟು, ಬಿಸಿಲಿಗೆ ತಂದ ಛತ್ರಿಯನ್ನೂ ಇಟ್ಟು, ಎರಡೂ ಕೈ ಚಾಚಿ ನಿಂತೆ. ಸುಮಿತ್ರಾ ನನ್ನ ಖಾಲಿ ಕೈಗಳನ್ನು ಸ್ವಲ್ಪ ಹೊತ್ತು ನೋಡಿದಳು.

‘ಬ್ಯಾಗು ತಗೊಳ್ಳಿ, ಇರುವೆ ಹತ್ತುತ್ತೆ’ ಎಂದು ಹೇಳಿ, ಸುತ್ತುಬಳಸಿನ ರಸ್ತೆಯ ಕಡೆ ತಿರುಗಿದಳು.

ಒಂದೂವರೆ ಕಿಲೋಮೀಟರು. ನಾನು ಬ್ಯಾಗು ಹಿಡಿದು ಹಿಂದೆ ನಡೆದೆ. ಪೂಜೆಗೆ ತಡವಾಗಿ ಮುಟ್ಟಿದರೂ ತೆಂಗಿನಕಾಯಿ ಒಡೆದಿರಲಿಲ್ಲ, ಬಾಳೆಹಣ್ಣು ಜಜ್ಜಿರಲಿಲ್ಲ. ಸಾಮಾನು ಜೋಪಾನ ಮಾಡುವುದರಲ್ಲಿ ನನ್ನ ಮೇಲೆ ಇವತ್ತಿನವರೆಗೂ ಯಾರೂ ದೂರು ಹೇಳಿಲ್ಲ.