ಎಡತೊಡೆಯ ರಕ್ತನಾಳದವರು ಮುಚ್ಚಿಹಾಕಿದ ದಾರಿಯ ಬಗ್ಗೆ

ಗೆ,
ಮಾನ್ಯ ರಕ್ತನಾಳದವರು,
ಎಡತೊಡೆಯ ಒಳಭಾಗ,
ತೊಡೆಸಂದಿನಿಂದ ಮಂಡಿಯ ಹಿಂಭಾಗದವರೆಗೆ.

ಮಾನ್ಯರೇ,

ಬಗ್ಗಿ ನಮಸ್ಕರಿಸೋಣವೆಂದರೆ ತೊಡೆಸಂದಿನ ಗಾಯ ಅಡ್ಡಬರುತ್ತಿರುವುದರಿಂದ, ಎರಡು ದಿಂಬಿಗೆ ಒರಗಿಕೊಂಡೇ ತಮಗೆ ಕೈಮುಗಿಯುತ್ತಿದ್ದೇನೆ, ಮನ್ನಿಸಬೇಕು. ತಾವು ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ಪದ್ಧತಿ. ಆದರೆ ತಮ್ಮ ಕ್ಷೇಮಸಮಾಚಾರವನ್ನು ಆಸ್ಪತ್ರೆಯ ಪರದೆಯ ಮೇಲೆ ಕಣ್ಣಾರೆ ಕಂಡವನು ಅಂಥ ಸುಳ್ಳನ್ನು ಯಾವ ಬಾಯಲ್ಲಿ ಹೇಳಲಿ? ಖಾಸಗಿಯಾಗಿ ಹೇಳಬೇಕಾದ ವಿಷಯವನ್ನು ಬಹಿರಂಗವಾಗಿ ಏಕೆ ಬರೆಯುತ್ತಿದ್ದೀ ಎಂದು ತಾವು ಕೇಳಬಹುದು. ತಾವು ನನ್ನ ಒಳಗೇ ವಾಸವಾಗಿದ್ದೀರಿ, ನಾನು ನರಳಿದ್ದನ್ನೆಲ್ಲ ಮೊದಲ ಸಾಲಿನಲ್ಲಿ ಕೂತು ಕೇಳಿದ್ದೀರಿ, ಆದರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಆದ್ದರಿಂದ ಈ ಬಹಿರಂಗ ಪತ್ರ. ಕಾಲು ಕೆರೆದು ಜಗಳಕ್ಕೆ ಬರುವ ಜಾಯಮಾನ ನನ್ನದಲ್ಲ. ಸದ್ಯಕ್ಕಂತೂ ಕಾಲು ಎಷ್ಟೇ ತುರಿಸಿದರೂ ಕೆರೆಯಕೂಡದೆಂದು ಡಾಕ್ಟರಮ್ಮನ ಕಟ್ಟಪ್ಪಣೆಯಾಗಿದೆ.

ಮೊದಲಿಗೆ ತಮ್ಮ ದೀರ್ಘ ಸೇವೆಯನ್ನು ಮನಸಾರೆ ಹೊಗಳುತ್ತೇನೆ. ನಾನು ಹುಟ್ಟುವುದಕ್ಕೂ ಮೊದಲೇ ಕೆಲಸಕ್ಕೆ ಸೇರಿದ ತಾವು, ಒಂದು ದಿನವೂ ರಜೆ ಕೇಳದೆ, ನನ್ನ ಎಡಗಾಲಿಗೆ ರಕ್ತವನ್ನು ಇಳಿಸುತ್ತ ಬಂದಿರಿ. ಗಂಡಸರ ಉಡುಪಿನ ದರ್ಜಿಯಾದ ನಾನು ಇಷ್ಟು ವರ್ಷ ಹೊಲಿಗೆ ಮೆಷಿನ್ನಿನ ಪೆಡಲು ತುಳಿದಿದ್ದು ತಮ್ಮ ಕೃಪೆಯಿಂದಲೇ. ಅಂಥವರು ಒಳಗೊಳಗೇ ಗೋಡೆಗೆ ಕೊಬ್ಬು ಮೆತ್ತಿಕೊಂಡು, ಸದ್ದಿಲ್ಲದೆ ದಾರಿ ಮುಚ್ಚಿಬಿಟ್ಟಿರಲ್ಲ, ಇದು ದೊಡ್ಡವರು ಮಾಡುವ ಕೆಲಸವೇ? ರಸ್ತೆ ಅಗೆಯುವವರು ಕೂಡ ಕೋಲಿಗೆ ಒಂದು ಕೆಂಪು ಬಟ್ಟೆಯ ಚೂರನ್ನಾದರೂ ಕಟ್ಟುತ್ತಾರೆ. ತಾವು ನನ್ನ ಸಿಗರೇಟಿನ ವಿಷಯ ಎತ್ತುತ್ತೀರೆಂದು ಬಲ್ಲೆ, ಡಾಕ್ಟರಮ್ಮನೂ ಅದನ್ನೇ ಎತ್ತಿದರು, ಹೆಂಡತಿಯಂತೂ ಎತ್ತಿದ್ದನ್ನು ಇನ್ನೂ ಕೆಳಗಿಟ್ಟಿಲ್ಲ. ಆದರೆ ಹೊಗೆ ಹೋದದ್ದು ಎದೆಗೆ, ತಾವಿರುವುದು ತೊಡೆಯಲ್ಲಿ. ಮೇಲಿನ ಮನೆಯವರ ವ್ಯವಹಾರದಲ್ಲಿ ಕೆಳಗಿನ ಮನೆಯವರು ಮೂಗು ತೂರಿಸುವುದು ಎಲ್ಲಿಯ ನ್ಯಾಯ?

ತಮ್ಮ ಕಾರ್ಯವೈಖರಿಯಲ್ಲಿ ನನ್ನನ್ನು ಅತಿಯಾಗಿ ಬೆರಗುಗೊಳಿಸಿದ್ದು ತಮ್ಮ ಸ್ಥಳಪ್ರಜ್ಞೆ. ಮನೆಯಿಂದ ಹೊರಟು, ಬೇಕರಿ ದಾಟಿ, ಚಪ್ಪಲಿ ಹೊಲಿಯುವವನನ್ನು ದಾಟಿ, ಇನ್ನೇನು ನನ್ನ ಅಂಗಡಿ ಕಾಣಿಸಿತು ಎನ್ನುವಷ್ಟರಲ್ಲಿ ಮೀನಖಂಡ ಹಿಂಡಿದಂತಾಗಿ ಕಾಲು ಕಲ್ಲಾಗುತ್ತಿತ್ತು, ಎರಡು ನಿಮಿಷ ನಿಂತರೆ ತಾನಾಗಿಯೇ ಸರಿಹೋಗುತ್ತಿತ್ತು. ನಿಲ್ಲುವುದಕ್ಕೆ ಬೀದಿಯಲ್ಲಿ ಜಾಗವೇ ಇರಲಿಲ್ಲವೇ? ಔಷಧಿ ಅಂಗಡಿಯ ಮುಂದೆ ನಿಲ್ಲಿಸಿದ್ದರೆ ಅರ್ಥವಿತ್ತು, ಬೇಕರಿಯ ಮುಂದೆ ನಿಲ್ಲಿಸಿದ್ದರೆ ಸುಖವಾದರೂ ಇತ್ತು. ತಾವು ಪ್ರತಿದಿನ, ಬಿಡದೆ, ಚಾಚೂ ತಪ್ಪದೆ ನನ್ನನ್ನು ನಿಲ್ಲಿಸಿದ್ದು ನನ್ನ ಸ್ವಂತ ಅಣ್ಣನ ಟೈಲರ್ ಅಂಗಡಿಯ ಗಾಜಿನ ಮುಂದೆ.

ತಾವು ಒಳಗಿದ್ದೂ ಗೊತ್ತಿಲ್ಲದವರಂತೆ ಇರುವುದರಿಂದ ಹೇಳುತ್ತೇನೆ, ಅಣ್ಣನಿಗೂ ನನಗೂ ಮಾತುಕತೆ ನಿಂತು ಬಹಳ ವರ್ಷವಾಗಿತ್ತು. ಮೊದಲು ಇಬ್ಬರದೂ ಒಂದೇ ಅಂಗಡಿ. ಒಬ್ಬ ಮದುಮಗನ ಕೋಟಿಗೆ ಆತುರದಲ್ಲಿ ಅವನೊಂದು ತೋಳು ಕತ್ತರಿಸಿದ, ನಾನೊಂದು ತೋಳು ಕತ್ತರಿಸಿದೆ, ಜೋಡಿಸಿ ನೋಡಿದರೆ ಎರಡೂ ಎಡತೋಳು. ನೀನು ಬಲದ್ದು ಕತ್ತರಿಸಬೇಕಿತ್ತು ಎಂದು ಅವನು, ಎಡದ್ದು ನನಗೆ ಬಿಟ್ಟಿದ್ದೆಯಲ್ಲ ಎಂದು ನಾನು. ಅವನು ಏರಿಗೆಳೆದರೆ ನಾನು ನೀರಿಗೆಳೆದು, ಕಡೆಗೆ ಒಂದೇ ಬೀದಿಯಲ್ಲಿ ಎರಡು ಅಂಗಡಿಗಳಾದವು. ಅಂಥವನ ಗಾಜಿನ ಮುಂದೆ ದಿನವೂ ಹೋಗಿ ಕಣ್ಣು ಕಿರಿದು ಮಾಡಿಕೊಂಡು, ಹಲ್ಲು ಕಚ್ಚಿಕೊಂಡು ನಿಂತರೆ ಅವನು ಏನೆಂದುಕೊಳ್ಳಬೇಕು? ಹೊಟ್ಟೆಕಿಚ್ಚಿನಿಂದ ಹಲ್ಲು ಕಡಿಯುತ್ತಿದ್ದಾನೆ, ತನ್ನ ಕಾಲರಿನ ಕಟಿಂಗ್ ಕದಿಯಲು ಬಂದಿದ್ದಾನೆ ಎಂದುಕೊಂಡ. ಕೋಟು ತೊಟ್ಟ ಪ್ರದರ್ಶನದ ಗೊಂಬೆಯನ್ನು ತಿರುಗಿಸಿ ಬೆನ್ನು ಕಾಣುವಂತೆ ನಿಲ್ಲಿಸಿದ. ನಾನಾದರೂ ಬೆನ್ನಿನ ಹೊಲಿಗೆ ಸೊಟ್ಟಗಿದೆ ಎಂದು ಗಮನಿಸಿದೆನೇ ಹೊರತು ಬಾಯಿಬಿಡಲಿಲ್ಲ.

ಹೀಗೆ ನನ್ನ ಮಾನವನ್ನು ಬೀದಿಗೆ ಹಾಕಿದ್ದು ಸಾಲದೆಂಬಂತೆ ತಾವು ಕಾಲಿನ ಹೆಬ್ಬೆರಳಿಗೂ ಕೈಹಾಕಿದಿರಿ. ಸೂಜಿ ಬಿದ್ದು ಆದ ಸಣ್ಣ ಗಾಯ ಒಣಗಲೇ ಇಲ್ಲ, ಬೆರಳಿನ ತುದಿ ಕಪ್ಪಿಡತೊಡಗಿತು. ಆಸ್ಪತ್ರೆಯಲ್ಲಿ ಕೈಯ ಬಿಪಿ ನೋಡುವ ಪಟ್ಟಿಯನ್ನೇ ಕಣಕಾಲಿಗೆ ಕಟ್ಟಿ ಗಾಳಿ ಊದಿ, ಕೈಯಲ್ಲಿರುವ ಒತ್ತಡದ ಅರ್ಧವೂ ಕಾಲಿನಲ್ಲಿಲ್ಲವೆಂದರು. ಆಮೇಲೆ ಬಣ್ಣದ ದ್ರವ ಹಾಯಿಸಿ ತಮ್ಮ ಚಿತ್ರ ತೆಗೆದರು. ತೊಡೆಸಂದಿನಿಂದ ದಿವಿನಾಗಿ ಇಳಿದು ಬಂದ ಗೆರೆ ತೊಡೆಯ ನಡುವೆ ಮಾಯವಾಗಿ, ಮಂಡಿಯ ಹಿಂದೆ ಬಡಕಲಾಗಿ ಮತ್ತೆ ಕಾಣಿಸಿಕೊಂಡಿತು. ಇಷ್ಟುದ್ದದ ಅಡಚಣೆಯನ್ನು ಬಲೂನು ಊದಿ ಬಿಡಿಸುವುದು ಕಷ್ಟ, ಪಕ್ಕದಲ್ಲಿ ಹೊಸ ದಾರಿ ಮಾಡಬೇಕು, ತಡಮಾಡಿದರೆ ಪಾದವನ್ನೇ ತೆಗೆಯಬೇಕಾಗಬಹುದು ಎಂದರು ಡಾಕ್ಟರಮ್ಮ. ಮಾನ್ಯರೇ, ನನಗೆ ಭಯವಾಯಿತು. ಮೆಷಿನ್ನಿಗೆ ಬೇಕಾದರೆ ಮೋಟರು ಕೂರಿಸಬಹುದು, ಮೋಟರು ಕೂರಿಸಿಕೊಂಡು ಬೀದಿಯಲ್ಲಿ ಹೇಗೆ ನಡೆಯಲಿ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ, ಹಾಸಿಗೆ ಇದ್ದು ಕಾಲೇ ಇಲ್ಲದವನು ಏನು ಮಾಡಬೇಕೆಂದು ಅವರು ಹೇಳಿಲ್ಲ.

ಇನ್ನು ಹೊಸ ದಾರಿಯ ವಿಚಾರ. ಹೊಸ ದಾರಿಗೆ ಸಾಮಾನು ಹೊರಗಿನಿಂದ ತರುವುದಿಲ್ಲ, ಅದೇ ಕಾಲಿನಲ್ಲಿ ರಕ್ತವನ್ನು ಕೆಳಗಿನಿಂದ ಮೇಲಕ್ಕೆ ಹೊರುವ ಒಂದು ಉದ್ದನೆಯ ಸಿರೆ ಇದೆ, ಅದನ್ನೇ ಬಿಚ್ಚಿ ಬಳಸುತ್ತೇವೆ ಎಂದರು. ಹಳೆಯ ಪ್ಯಾಂಟಿನ ಒಳಮಡಿಕೆಯ ಬಟ್ಟೆಯನ್ನೇ ಬಿಚ್ಚಿ ಮಂಡಿಗೆ ತೇಪೆ ಹಾಕುವ ವಿದ್ಯೆ ನಮ್ಮದೂ ಹೌದಾದ್ದರಿಂದ ಒಪ್ಪಿದೆ. ಆಪರೇಷನ್ನಿನ ಹಿಂದಿನ ದಿನ ಯಂತ್ರ ಹಿಡಿದು ಚರ್ಮದ ಕೆಳಗೆ ಆ ಸಿರೆ ಎಲ್ಲೆಲ್ಲಿ ಹೋಗುತ್ತದೆಂದು ನೋಡಿ, ಹಿಮ್ಮಡಿಯಿಂದ ತೊಡೆಯವರೆಗೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದರು. ಗೆರೆ ಚೆನ್ನಾಗಿತ್ತು. ಮರುದಿನ ಬೆಳಿಗ್ಗೆ ಕಾಲಿನ ಕೂದಲು ತೆಗೆಸಿ, ಹಸಿದ ಹೊಟ್ಟೆಯಲ್ಲಿ ಹಿಂದೆ ಕಟ್ಟುವ ಅಂಗಿ ತೊಡಿಸಿ, ಈಗ ಕರೆಯುತ್ತಾರೆಂದು ನರ್ಸ್ ಹೇಳಿ ಹೋದಳು.

ಆಗ ನಡೆದಂಥ ಕೆಲಸವನ್ನು ಬೇರೆ ಯಾರ ಹೆಂಡತಿಯೂ ಮಾಡಲಾರಳು. ನನ್ನ ಹೆಂಡತಿ ಮದುವೆಯಾದಾಗಿನಿಂದ ನಮ್ಮ ಅಂಗಡಿಯಲ್ಲಿ ಮಾಡುತ್ತಿರುವ ಕೆಲಸ ಒಂದೇ, ಹೊಲಿದಾದ ಬಟ್ಟೆ ಗಿರಾಕಿಯ ಕೈಸೇರುವ ಮೊದಲು ಅದರ ಮೇಲಿನ ಸೀಮೆಸುಣ್ಣದ ಗುರುತುಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ ಅಳಿಸುವುದು. ನನಗೆ ಜೋಂಪು ಹತ್ತಿತ್ತು. ಕಣ್ಣುಬಿಟ್ಟರೆ ಈಕೆ ಗಾಯಕ್ಕೆ ಹಚ್ಚುವ ಸ್ಪಿರಿಟಿನ ಬಾಟಲು, ಹತ್ತಿ ಹಿಡಿದುಕೊಂಡು ಹಿಮ್ಮಡಿಯಿಂದ ಶುರುಮಾಡಿ ತೊಡೆಯವರೆಗೆ ಉಜ್ಜಿ ಮುಗಿಸಿದ್ದಳು. ಇದೇನೇ ಎಂದು ನಾನು ಕಿರುಚಿದರೆ, "ಇಷ್ಟು ಗೀಟು ಇಟ್ಕೊಂಡೇ ಒಳಗೆ ಹೋಗ್ತೀರಾ ರೀ? ಟೈಲರ್ ಮನೆಯವರು ಗುರುತು ಅಳಿಸೋದೂ ಕಲೀಲಿಲ್ಲ ಅಂತ ಡಾಕ್ಟರು ಆಡ್ಕೊಳ್ಳಲ್ವಾ?" ಎಂದಳು. ಡಾಕ್ಟರಮ್ಮ ಬಂದು ಬೆಳ್ಳಗೆ ಹೊಳೆಯುತ್ತಿದ್ದ ಕಾಲನ್ನು ನೋಡಿ, ಅವಳ ಕೈಯಿಂದ ಬಾಟಲನ್ನು ತೆಗೆದುಕೊಂಡರು. ಮತ್ತೆ ಯಂತ್ರ ತರಿಸಿ, ಮತ್ತೆ ಗೆರೆ ಎಳೆದು, "ಅಮ್ಮಾ, ನೀವು ಆ ಕಿಟಕಿ ಹತ್ರ ಕೂತ್ಕೊಳ್ಳಿ, ಕೈ ಕಟ್ಕೊಂಡು" ಎಂದರು. ನನ್ನ ಸರದಿ ಮಧ್ಯಾಹ್ನಕ್ಕೆ ಹೋಯಿತು. ಆ ಹಸಿವಿಗೂ ಮೂಲಪುರುಷರು ತಾವೇ ಎಂಬುದು ಗಮನದಲ್ಲಿರಲಿ.

ಒಳಗೆ ಬೆನ್ನಿಗೆ ಚುಚ್ಚಿ ಸೊಂಟದಿಂದ ಕೆಳಗೆ ಮರಗಟ್ಟಿಸಿ, ಎದೆಯ ಮೇಲೊಂದು ಪರದೆ ಕಟ್ಟಿದರು. ಅಲ್ಲಿಂದ ಮುಂದೆ ನಡೆದದ್ದನ್ನು ತಲೆಯ ಬಳಿ ಕೂತಿದ್ದ ಅರಿವಳಿಕೆ ಡಾಕ್ಟರು ನನಗೆ ಮೆಲ್ಲಗೆ ವಿವರಿಸುತ್ತಿದ್ದರು. ತೊಡೆಸಂದಿನಲ್ಲೊಮ್ಮೆ, ಮಂಡಿಯ ಕೆಳಗೊಮ್ಮೆ ಕೊಯ್ದು, ತಮ್ಮ ಅಡಚಣೆಗೆ ಮೇಲೂ ಕೆಳಗೂ ಉಳಿದಿದ್ದ ಒಳ್ಳೆಯ ತುಂಡುಗಳನ್ನು ಹುಡುಕಿದರು. ಆ ಬಡಪಾಯಿ ಸಿರೆಯನ್ನು ಬಿಡಿಸಿ ತೆಗೆದು, ಅದರ ಕವಲುಗಳನ್ನೆಲ್ಲ ಕಟ್ಟಿ, ನೀರು ಹಾಯಿಸಿ ಸೋರುತ್ತದೆಯೇ ಎಂದು ನೋಡಿದರು. ಅದರೊಳಗೆ ರಕ್ತ ಒಂದೇ ಕಡೆಗೆ ಹೋಗಲು ಬಿಡುವ ಕವಾಟಗಳಿವೆಯಂತೆ, ಆದ್ದರಿಂದ ತಲೆಕೆಳಗು ಮಾಡಿ ಇಡಬೇಕಂತೆ. ಜೀವಮಾನವೆಲ್ಲ ಮೇಲಕ್ಕೆ ಹೊತ್ತವನನ್ನು ಹಿಡಿದು ತಿರುಗಿಸಿ, ನಾಳೆಯಿಂದ ಕೆಳಕ್ಕೆ ಹೊರು ಎಂದರೆ, ಅವನು ತುಟಿ ಪಿಟಕ್ಕೆನ್ನದೆ ಒಪ್ಪಿಕೊಂಡ. ಆ ಸೌಜನ್ಯದಿಂದ ತಾವು ಕಲಿಯುವುದು ಬಹಳವಿದೆ. ರಕ್ತ ಗರಣೆಗಟ್ಟದಂತೆ ಮದ್ದು ಕೊಟ್ಟು, ತಮಗೆ ಕ್ಲಿಪ್ಪು ಹಾಕಿ ಹರಿವು ನಿಲ್ಲಿಸಿ, ಸಿರೆಯ ಒಂದು ತುದಿಯನ್ನು ಮೇಲೆ ಹೊಲಿದು, ಮಾಂಸದೊಳಗೆ ಸುರಂಗದಂತೆ ತೂರಿಸಿ ಕೆಳಗೆ ತಂದರು. ಕೆಳಗಿನ ತುದಿಯ ಹೊಲಿಗೆ ಶುರುವಾದಾಗ ನನಗೆ ತಡೆಯಲಾಗಲಿಲ್ಲ, ಪರದೆಯಾಚೆಗೆ ಕೇಳುವಂತೆ ದಾರದ ನಂಬರು ಎಷ್ಟು, ಗಂಟು ಒಳಗೋ ಹೊರಗೋ ಎಂದು ವಿಚಾರಿಸಿದೆ. "ಇವರಿಗೆ ಸ್ವಲ್ಪ ನಿದ್ದೆ ಬರೋ ಹಾಗೆ ಮಾಡಿ" ಎಂಬ ಡಾಕ್ಟರಮ್ಮನ ದನಿ ಕೇಳಿಸಿತು. ಒಂದು ಹೊಲಿಗೆಯ ಬಗ್ಗೆ ಅಭಿಪ್ರಾಯ ಕೇಳದೆ ನನ್ನನ್ನು ಮಲಗಿಸಿದ್ದು ನನ್ನ ವೃತ್ತಿಜೀವನದಲ್ಲೇ ಮೊದಲು.

ಎಚ್ಚರವಾದಾಗ ಕಾಲಿನುದ್ದಕ್ಕೂ ಕಾಗದಕ್ಕೆ ಹೊಡೆಯುವಂಥ ಪಿನ್ನುಗಳಿದ್ದವು. ಒಳಗೆ ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿದವರು ಹೊರಗೆ ಹೀಗೆ ಪಿನ್ನು ಹೊಡೆದರಲ್ಲ ಎಂದು ನಾನು ಕೊರಗುತ್ತಿದ್ದರೆ, ನರ್ಸ್ ಅಂಗೈಯಷ್ಟು ಯಂತ್ರವೊಂದನ್ನು ನನ್ನ ಪಾದದ ಮೇಲಿಟ್ಟಳು. ಅದರೊಳಗಿಂದ ಶುಷ್, ಶುಷ್ ಎಂದು ಸದ್ದು ಬಂತು. "ರಕ್ತ ಇಳೀತಿದೆ, ಕೇಳಿಸ್ತಾ?" ಎಂದಳು. ಹೆಂಡತಿ ಬಂದು ನನ್ನ ಕಾಲ್ಬೆರಳುಗಳನ್ನು ಒಂದೊಂದಾಗಿ ಮುಟ್ಟಿ, "ಬೆಚ್ಚಗಿದೆ ರೀ" ಎಂದು ಅತ್ತುಬಿಟ್ಟಳು. ನಾನೂ ಅತ್ತೆ, ಅದಕ್ಕೆ ಮದ್ದಿನ ಅಮಲು ಕಾರಣವೆಂದು ನರ್ಸಿಗೆ ಹೇಳಿದೆ.

ಆಪರೇಷನ್ ಮುಗಿಯುವವರೆಗೂ ಹೊರಗಿನ ಬೆಂಚಿನ ತುದಿಯಲ್ಲಿ ಅಣ್ಣ ಕೂತಿದ್ದನೆಂದು ಆಮೇಲೆ ತಿಳಿಯಿತು. ದಿನವೂ ಗಾಜಿನ ಮುಂದೆ ನಿಲ್ಲುತ್ತಿದ್ದವನು ನಾಲ್ಕು ದಿನ ಕಾಣದಿದ್ದಾಗ ಚಪ್ಪಲಿ ಹೊಲಿಯುವವನನ್ನು ವಿಚಾರಿಸಿ ಬಂದನಂತೆ. ಒಳಗೆ ಬರಲಿಲ್ಲ. ಹೆಂಡತಿಯ ಕೈಗೆ ಒಂದು ಪೈಜಾಮ ಕೊಟ್ಟು ಹೋಗಿದ್ದ, ಎಡಗಾಲಿನ ಪಕ್ಕದುದ್ದಕ್ಕೂ ಬಿಚ್ಚಿ ಹಾಕುವ ಗುಂಡಿ, ಬ್ಯಾಂಡೇಜಿಗೆ ಬೇಕಾದಷ್ಟೇ ಸಡಿಲ. ಅಳತೆ ತೆಗೆದಿರಲಿಲ್ಲ, ಆದರೂ ಸರಿಯಾಗಿ ಕೂತಿತು. ಜೇಬು ಮಾತ್ರ ಅರ್ಧ ಇಂಚು ಕೆಳಗಾಗಿತ್ತು, ಅದನ್ನು ನಾನು ಯಾರಿಗೂ ಹೇಳಿಲ್ಲ.

ಆದ್ದರಿಂದ ಈಗ ನನ್ನ ಬೇಡಿಕೆಗಳನ್ನು ವಿನಯಪೂರ್ವಕ ಸಲ್ಲಿಸುತ್ತೇನೆ. ತಮ್ಮನ್ನು ಕಿತ್ತುಹಾಕಿಲ್ಲ, ಇದ್ದಲ್ಲೇ ಬಿಟ್ಟಿದ್ದಾರೆ. ಕೆಲಸವಿಲ್ಲದೆ ಬಾಡಿಗೆಯಿಲ್ಲದೆ ಕೂತಿರುವ ತಾವು, ಪಕ್ಕದಲ್ಲೇ ಬೆವರು ಸುರಿಸುತ್ತಿರುವ ಆ ಸಿರೆಗೆ ಕೆಟ್ಟ ಚಾಳಿ ಕಲಿಸಬಾರದು. ಮೂರು ತಿಂಗಳಿಗೊಮ್ಮೆ ಸ್ಕ್ಯಾನಿಗೆ ಬರಹೇಳಿದ್ದಾರೆ, ಅದು ತಮ್ಮ ದೆಸೆಯಿಂದಲೇ ಆದ್ದರಿಂದ ನನ್ನನ್ನು ಮನೆಯಲ್ಲಿ ಬಿಟ್ಟು ತಾವೊಬ್ಬರೇ ಹೋಗಿಬರಬೇಕು. ಮುಂದೆಂದಾದರೂ ದೇಹದ ಯಾವುದೇ ಬೀದಿಯನ್ನು ಮುಚ್ಚುವುದಿದ್ದರೆ ಹದಿನೈದು ದಿನ ಮುಂಚಿತವಾಗಿ, ದಪ್ಪಕ್ಷರದಲ್ಲಿ, ಚರ್ಮದ ಹೊರಬದಿಗೆ ಸೂಚನೆ ಅಂಟಿಸಬೇಕು. ಕಡೆಯದಾಗಿ, ಊಟವಾದ ಮೇಲಿನ ಒಂದೇ ಒಂದು ಸಿಗರೇಟಿಗೆ ತಮ್ಮ ಆಕ್ಷೇಪವಿಲ್ಲವೆಂದು ನನ್ನ ಹೆಂಡತಿಗೆ ಬರಹದಲ್ಲಿ ಕೊಡಬೇಕು. ಕೊಡುವುದಿಲ್ಲವೆಂದು ಗೊತ್ತು, ಆದರೂ ಕೇಳುವುದು ನನ್ನ ಧರ್ಮ.

ಕೆಲಸ ಬಿಟ್ಟ ಮೇಲೂ ತಮ್ಮನ್ನು ಹೊತ್ತುಕೊಂಡೇ ಓಡಾಡಬೇಕಾಗಿರುವ,
ತಮ್ಮ ವಿಶ್ವಾಸಿ,
ಗಂಡಸರ ಉಡುಪಿನ ದರ್ಜಿ

ತಾ.ಕ.: ತಮ್ಮ ವಿಳಾಸಕ್ಕೆ ಅಂಚೆ ಹೋಗುವುದಿಲ್ಲವಾದ್ದರಿಂದ ಈ ಪತ್ರ ಇಷ್ಟು ದಿನ ಮನೆಯಲ್ಲೇ ಉಳಿಯಿತು. ಅಷ್ಟರಲ್ಲಿ ಪಿನ್ನು ತೆಗೆದರು, ಬೆರಳಿನ ಗಾಯ ಒಣಗಿತು, ನಿನ್ನೆ ಮೊದಲ ಬಾರಿಗೆ ಅಂಗಡಿಗೆ ನಡೆದು ಹೊರಟೆ. ಬೇಕರಿ ದಾಟಿದೆ, ಚಪ್ಪಲಿ ಹೊಲಿಯುವವನನ್ನು ದಾಟಿದೆ, ಅಣ್ಣನ ಅಂಗಡಿ ಬಂತು, ನೋವು ಬರಲಿಲ್ಲ. ಇಷ್ಟು ವರ್ಷ ಬೇಡವೆಂದಾಗಲೆಲ್ಲ ಬಂದದ್ದು, ಬೇಕಾದಾಗ ಕೈಕೊಟ್ಟಿತು. ನಿಲ್ಲಲು ಬೇರೆ ನೆಪವಿಲ್ಲದೆ, ಕಾಲು ಹಿಡಿದುಕೊಂಡು ಅಮ್ಮಾ ಎಂದು ನರಳಿ ಗಾಜಿಗೆ ಒರಗಿದೆ. ಅಣ್ಣ ಮೆಷಿನ್ನಿನಿಂದ ತಲೆಯೆತ್ತಿ ಒಂದು ಗಳಿಗೆ ನೋಡಿ, "ಆಪರೇಷನ್ ಆಗಿದ್ದು ಆ ಕಾಲಿಗಲ್ಲ ಕಣೋ" ಎಂದ. ಆಮೇಲೆ ಕುರ್ಚಿಯ ಮೇಲಿದ್ದ ಬಟ್ಟೆಯನ್ನೆಲ್ಲ ಎತ್ತಿ ಪಕ್ಕಕ್ಕಿಟ್ಟು, "ಬಾ, ಕೂತ್ಕೊ" ಎಂದ.