ಕರೆವ್ವನ ಒಲೆಗೆ ಹೊಸ ಕೈ

ಮಾಘದ ಬಿಸಿಲು ಏರುತ್ತಿತ್ತು. ಉಗರಗೋಳದ ಸುತ್ತ ಜೋಳದ ಕೊಯ್ಲು ನಡೆದಿತ್ತು. ಹೊಲಕ್ಕೆ ಬುತ್ತಿ ಒಯ್ಯುವವರು, ದೇವಿಯ ಗುಡ್ಡಕ್ಕೆ ಬಂದ ಭಕ್ತರು ಎಲ್ಲರೂ ಕರೆವ್ವನ ಖಾನಾವಳಿಯಲ್ಲಿ ಜಮಾಯಿಸಿದ್ದರು. ಸಾಲು ಒಲೆಗಳಲ್ಲಿ ಒಂದು ಉರಿಯುತ್ತಿದ್ದರೂ ಅದರ ಮುಂದೆ ರೊಟ್ಟಿ ಬಡಿಯುವವರಿರಲಿಲ್ಲ. ಆ ಜಾಗಕ್ಕಾಗಿಯೇ ಕಾಂತೇಶ ಶೈಲಜಾಳನ್ನು ಕರೆತಂದಿದ್ದ. ಇವತ್ತು ತಪ್ಪಿದರೆ ನಾಳೆ ಬೇರೆಯವರು ಬಂದು ಕೂರುತ್ತಿದ್ದರು.

ಶೈಲಜಾಗೆ ಕಣ್ಣು ಕಾಣದು, ಕಿವಿ ಕೇಳದು. ಮಾತು ಮಾತ್ರ ಖಾರ. ಕಾಂತೇಶ ಅಂಥವರ ನೆರವಿಗೆ ನಿಂತ ಸ್ವಯಂಸೇವಕ. ಅಂಗೈ ಮೇಲೆ ಬೆರಳಿನಿಂದ ಅಕ್ಷರ ಬರೆದು ಸುದ್ದಿ ಮುಟ್ಟಿಸುವುದನ್ನು ಕಲಿತಿದ್ದ.

"ಕಾಣಂಗಿಲ್ಲ, ಕೇಳಂಗಿಲ್ಲ. ಬೆಂಕಿ ಮುಂದ ಕುಂಡ್ರಿಸಿ ನಾ ಏನ್ ಕಾವಲು ಕಾಯ್ಲೇನು?" ಎಂದಳು ಕರೆವ್ವ. "ಕುಂಡರ್ರಿ, ಗಿರಾಕಿ ಕಡಿಮಿ ಆಗ್ಲಿ, ನೋಡೂಣು."

ಕಾಂತೇಶ ಅದನ್ನು ಶೈಲಜಾಳ ಅಂಗೈ ಮೇಲೆ ಬರೆದ.

"ತಡಾ ಆದ್ರೂ ಆಗೂದು ಆಗತೈತಿ," ಎಂದಳು ಶೈಲಜಾ ಗಟ್ಟಿಯಾಗಿ.

ಎದುರಿಗೆ ಉಣ್ಣುತ್ತಿದ್ದ ಪರಸಪ್ಪನ ತುತ್ತು ಬಾಯಿಯ ಹತ್ತಿರವೇ ನಿಂತಿತು. "ಸಾಹೇಬ್ರ, ಕೈ ನೋಡ್ತೀರೇನ್ರಿ?"

"ಇಲ್ರಿ, ಅಕ್ಷರ ಬರಿಯಾಕ ಹತ್ತೇನಿ."

"ಕೇಳ್ರೆಪ್ಪಾ, ಉಳದವ್ರು ಬರದದ್ದು ಓದ್ತಾರ. ಇವ್ರು ಹಣೇಬರಾನ ಹೊಸದಾಗಿ ಬರದ ಕೊಡ್ತಾರಂತ."

ಅಷ್ಟೇ ಸಾಕಾಯಿತು. ಪರಸಪ್ಪ ಪುಂಡಿಪಲ್ಯ ಮೆತ್ತಿದ ಕೈಯನ್ನೇ ಚಾಚಿದ. ರೊಟ್ಟಿ ಬಡಿಯುವವರು ಹಿಟ್ಟಿನ ಕೈಯಲ್ಲೇ ಎದ್ದು ಬಂದರು. ರೊಟ್ಟಿಯಲ್ಲಿ ಸುತ್ತಿಟ್ಟ ಪಲ್ಯದಂತೆ ಕಾಂತೇಶ ಜನರ ನಡುವೆ ಕಾಣದಾದ. ನನಗೆ ಬರುವುದಿಲ್ಲ ಎಂದಷ್ಟೂ, "ಬರೂ ಮಂದಿ ಹಂಗ ಅಂತಾರ" ಎಂದು ಇನ್ನಷ್ಟು ಕೈಗಳು ಬಂದವು.

ಕೊನೆಗೆ ಕರೆವ್ವನೇ ಎಲ್ಲರನ್ನೂ ತಳ್ಳಿಕೊಂಡು ಬಂದು ಅಂಗೈ ತೆರೆದಳು. "ನನ್ನ ಖಾನಾವಳಿ ಮುಂದ ಹೆಂಗ್ರಿ?"

ಕಾಂತೇಶನಿಗೆ ಆಸೆ ಹುಟ್ಟಿತು. ಗಂಟಲು ಸರಿಮಾಡಿಕೊಂಡ. "ನಿಮ್ಮ ಒಲಿಗೆ ಇವತ್ತ ಹೊಸಾ ಕೈ ಬರತೈತಿ. ಹುಶಾರಿ ಕೈ. ಬಿಡಬ್ಯಾಡ್ರಿ ಮತ್ತ."

ಕರೆವ್ವ ಮೆತ್ತಗಾಗಿ ಶೈಲಜಾಳ ಕಡೆ ತಿರುಗಿದಳು. ಗೆದ್ದೆನೆಂದುಕೊಂಡ ಕಾಂತೇಶ ನಡೆದದ್ದನ್ನೆಲ್ಲ ಶೈಲಜಾಳ ಅಂಗೈಗೆ ಒಪ್ಪಿಸಿದ. ಅವಳು ಕೈ ಕಿತ್ತುಕೊಂಡಳು.

"ನಾ ಏನ್ ಮಳಿ ಏನೋ ತಮ್ಮಾ, ಭವಿಷ್ಯ ಹೇಳಿದ ಮ್ಯಾಲ ಬರಾಕ? ಕರೆವ್ವಾರ, ಇವಗ ಕೈ ನೋಡಾಕ ಬರೂದಿಲ್ರಿ. ನನಗ ರೊಟ್ಟಿ ಬರತೈತಿ. ತಿಂದು ಹೇಳ್ರಿ. ಚಲೋ ಇಲ್ಲಂದ್ರ ನಾನ ಎದ್ದು ಹೋಗತೇನಿ."

ಯಾರ ಅಪ್ಪಣೆಗೂ ಕಾಯದೆ, ಬಿಸಿಯ ಜಾಡು ಹಿಡಿದು ಹೋಗಿ ಒಲೆಯ ಮುಂದೆ ಕುಳಿತಳು. ಹಿಟ್ಟು ತಡವಿ ನೋಡಿ, ನಾದಿ, ಬಡಿದು ಹಂಚಿಗೆ ಹಾಕಿದಳು. ರೊಟ್ಟಿ ಉಬ್ಬಿತು. ಕರೆವ್ವ ಅದನ್ನು ಚಟ್ನಿಯೂ ಇಲ್ಲದೆ ಪೂರ್ತಿ ತಿಂದಳು. ಆಮೇಲೆ ಹಿಟ್ಟಿನ ಇನ್ನೊಂದು ಉಂಡೆ ತೆಗೆದು ಶೈಲಜಾಳ ಅಂಗೈಗಿಟ್ಟಳು. ಅದಕ್ಕೆ ಅಕ್ಷರ ಬೇಕಾಗಲಿಲ್ಲ.

ಕಾಂತೇಶ ಉಸಿರು ಬಿಟ್ಟ. ಕೈ ನೋಡುವ ಕಾಟವೂ ತಪ್ಪಿತಲ್ಲ.

ಪರಸಪ್ಪ ಎದ್ದು ನಿಂತ. "ನೋಡಿದ್ರಿಲ್ಲೋ? ಹೊಸಾ ಕೈ ಬರತೈತಿ ಅಂದ್ರು, ಬಂತು. ಹುಶಾರಿ ಕೈ ಅಂದ್ರು, ಹೌದಾತು. ಬಾಯಿಂದ ಬಿದ್ದ ಮಾತು ನೆಲಾ ಮುಟ್ಟೂದ್ರಾಗ ಖರೇ ಆತು."

"ಆಕಿನ ಹೇಳ್ಯಾಳಲ್ರಿ, ನನಗ ಕೈ ನೋಡಾಕ ಬರೂದಿಲ್ಲಂತ," ಎಂದ ಕಾಂತೇಶ.

"ಆಕಿಗೆ ರೊಟ್ಟಿ ಗೊತ್ತ್ರಿ. ನಿಮ್ಮ ವಿದ್ಯಾ ಏನ್ ಗೊತ್ತು?"

ಕೈ ತೋರಿಸುವವರ ಸಾಲು ಬಾಗಿಲು ದಾಟಿ ರಸ್ತೆಗಿಳಿಯಿತು. ಕರೆವ್ವ ಕಾಂತೇಶನಿಗೊಂದು ಮಣೆ ಹಾಕಿಸಿದಳು. "ಉಂಡವರ ಕೈ ಅಷ್ಟ ನೋಡ್ರಿ."

ಕಾಂತೇಶ ಒಲೆಯ ಬಳಿ ಓಡಿದ. ಇವರಿಂದ ಬಿಡಿಸು ಎಂದು ಬರೆಯಲು ಶೈಲಜಾಳ ಮಣಿಕಟ್ಟು ಹಿಡಿದ.

ಅವಳು ಮೊಣಕೈಯಿಂದ ಅವನನ್ನು ಆಚೆ ಸರಿಸಿದಳು. "ನಿನ್ನ ಉಪಕಾರ ದೊಡ್ಡದು ತಮ್ಮಾ, ಎಂದಾರ ತೀರಸ್ತೇನಿ. ಈಗ ನನ್ನ ಕೈ ಖಾಲಿ ಇಲ್ಲ."